ಬೀಗದ ಕೈ

ಸ್ಮರಣ ಸಂಚಿಕೆಗಾಗಿ ಹಳಗನ್ನಡ ಕಾವ್ಯವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಿತ್ರರು ಕೇಳಿದ್ದರು. ಆದರೆ ಕಳೆದ ವರ್ಷ ಕಂಡ ಸಂಗತಿಯೊಂದು ಮನಸ್ಸನ್ನು ಬಿಡದೆ ಕಾಡುತ್ತಿರುವುದರಿಂದ ಅದನ್ನೇ ನಿವೇದಿಸುತ್ತಿದ್ದೇನೆ. ಸಹೃದಯರು ಮನ್ನಿಸಬೇಕು.

ಮಗಳನ್ನು ನೋಡಲೆಂದು ನ್ಯೂಯಾರ್ಕ್ ನಗರಕ್ಕೆ ಹೋಗಿದ್ದೆ. ಇದೇ ಶಾಲೆಯಲ್ಲಿ ನನ್ನ ಬಳಿ ಓದಿದ ಶಿಷ್ಯನೊಬ್ಬ ಅಲ್ಲಿ ಸಮಾಜಸೇವೆಯ ವೃತ್ತಿಯಲ್ಲಿದ್ದಾನೆ. ಒಂದು ಸಂಜೆ ಅವನು ನನ್ನನ್ನು 43ನೆಯ ಬೀದಿಗೆ ಕರೆದೊಯ್ದು ಎತ್ತರದ ಹಳೆಯ ಕಟ್ಟಡವೊಂದನ್ನು ತೋರಿಸಿದ.

"ಗುರುಗಳೇ, ಇದು ಟೈಮ್ಸ್ ಸ್ಕ್ವೇರ್ ಹೋಟೆಲು. ಹಾಳುಬಿದ್ದಿದ್ದ ಇದನ್ನು ರೋಸಾನ್ ಹ್ಯಾಗರ್ಟಿ ಎಂಬಾಕೆ ಸ್ಥಾಪಿಸಿದ ಕಾಮನ್ ಗ್ರೌಂಡ್ ಸಂಸ್ಥೆ 1991ರಲ್ಲಿ ಕೊಂಡು ದುರಸ್ತಿ ಮಾಡಿಸಿತು. ಒಳಗೆ 652 ಮನೆಗಳಿವೆ. ಬೀದಿಯಲ್ಲಿ ಮಲಗುತ್ತಿದ್ದವರೂ ಕಡಿಮೆ ಸಂಬಳದ ದುಡಿಮೆಗಾರರೂ ಅಕ್ಕಪಕ್ಕದಲ್ಲಿ ಬಾಳುತ್ತಾರೆ" ಎಂದ.

"ಹಾಗಾದರೆ ಇದೊಂದು ಧರ್ಮಛತ್ರ" ಎಂದೆ.

"ಅಲ್ಲ ಗುರುಗಳೇ. ಛತ್ರದಲ್ಲಿ ತಂಗಿದವನು ಹೊರಡಲೇಬೇಕು. ಇಂಥ ಮನೆಗಳಲ್ಲಿ ಅವನ ಹೆಸರಿನಲ್ಲೇ ಕರಾರುಪತ್ರವಿರುತ್ತದೆ, ಬೀಗದ ಕೈ ಅವನದೇ. ವರಮಾನದಲ್ಲಿ ನೂರಕ್ಕೆ ಮೂವತ್ತರಷ್ಟನ್ನು ಬಾಡಿಗೆಯಾಗಿ ಕೊಡುವುದು ವಾಡಿಕೆ. ಚಿಕಿತ್ಸೆಗೆ, ಉದ್ಯೋಗಕ್ಕೆ ನೆರವಾಗುವವರು ಕೈಗೆಟುಕುವಂತಿರುತ್ತಾರೆ."

"ಕುಡಿತ ಬಿಟ್ಟವರಿಗೆ ಮಾತ್ರವೋ?" ಎಂದು ಕೇಳಿದೆ. ಅವನ ಉತ್ತರ ನನ್ನನ್ನು ಬೀದಿಯಲ್ಲೇ ನಿಲ್ಲಿಸಿತು. ಮೊದಲು ಚಟ ಬಿಡಲಿ, ಆಮೇಲೆ ಮನೆ ಎಂಬುದು ಹಿಂದಿನ ಕ್ರಮವಾಗಿತ್ತಂತೆ. ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು 1992ರಲ್ಲಿ ಅದೇ ನಗರದಲ್ಲಿ ಅದನ್ನು ತಿರುವುಮುರುವು ಮಾಡಿ, ಮೊದಲು ಮನೆ, ಮಿಕ್ಕದ್ದೆಲ್ಲ ಆಮೇಲೆ, ಅದೂ ಅವನ ಒಪ್ಪಿಗೆಯಿಂದ ಎಂದರಂತೆ. ಎಲ್ಲರೂ ಕುಡಿತ ಬಿಡಲಿಲ್ಲ. ಆದರೆ ಬಹುಮಂದಿ ಮನೆಯಲ್ಲಿ ನೆಲೆನಿಂತರು. ನಿವೃತ್ತ ಸೈನಿಕರಿಗೆ ಬಾಡಿಗೆಯ ನೆರವನ್ನೂ ಆರೈಕೆಯನ್ನೂ ಕೂಡಿಸಿ ಕೊಡುವ ಯೋಜನೆಯನ್ನು ಅಮೆರಿಕದ ಸರಕಾರ 2008ರಿಂದ ಬಹುವಾಗಿ ವಿಸ್ತರಿಸಿತು. 2010ರಲ್ಲಿ ಒಂದು ರಾತ್ರಿ ಎಣಿಸಿದಾಗ ಮನೆಯಿಲ್ಲದ ಮಾಜಿ ಸೈನಿಕರು 74,000ಕ್ಕೂ ಹೆಚ್ಚಾಗಿದ್ದರು. 2024ರ ಎಣಿಕೆಯಲ್ಲಿ 33,000ಕ್ಕೂ ಕಡಿಮೆ.

ಸೈನಿಕರೆಂದೊಡನೆ ನನ್ನ ಅಣ್ಣ ಕಣ್ಣಮುಂದೆ ಬಂದ. 1987ರಲ್ಲಿ ಶ್ರೀಲಂಕೆಗೆ ಹೋದ ನಮ್ಮ ಶಾಂತಿಪಾಲನಾ ಪಡೆಯಲ್ಲಿ ಅವನಿದ್ದ. ಊರಿಗೆ ಮರಳಿದ ಮೇಲೆ ರಾತ್ರಿಗಳಲ್ಲಿ ಬೆಚ್ಚಿ ಕೂಗುತ್ತಿದ್ದ. ಕ್ರಮೇಣ ಕುಡಿತಕ್ಕೆ ಬಿದ್ದ. ತಂದೆಯವರು ತೀರಿದ್ದರು. ಮನೆಯ ಹೊಣೆ ನನ್ನದಾಗಿತ್ತು. ಪಂಡಿತನೆಂಬ ಮರ್ಯಾದೆಯ ಭಯವೂ ಇತ್ತು. "ಕುಡಿತ ಬಿಟ್ಟು ಬಾ ಅಣ್ಣಾ, ಬಾಗಿಲು ತೆರೆಯುತ್ತೇನೆ" ಎಂದೆ. ಅವನು ಏನನ್ನೂ ಹೇಳದೆ ಇಳಿದುಹೋದ. ಎರಡು ಮಳೆಗಾಲ ಬಸ್ ನಿಲ್ದಾಣದಲ್ಲಿ ಮಲಗಿದ. ಮೂರನೆಯದನ್ನು ಕಾಣಲಿಲ್ಲ. ಅಂತ್ಯಕ್ರಿಯೆಗೆ ಮುನ್ನ ಅವನ ಅಂಗಿಯ ಜೇಬಿನಲ್ಲಿ ನಮ್ಮ ಮನೆಯ ಬೀಗದ ಕೈ ಸಿಕ್ಕಿತು. ಆ ಬೀಗವನ್ನು ನಾನು ಬದಲಾಯಿಸಿದ್ದೆ.

ಮೂವತ್ತು ವರ್ಷ ತರಗತಿಯಲ್ಲಿ ಕಾರಕಗಳನ್ನು ಪಾಠ ಹೇಳಿದ್ದೇನೆ. ಕ್ರಿಯೆ ನಡೆಯಲು ಆಧಾರವಾದುದೇ ಅಧಿಕರಣವೆಂದು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿದೆನೋ! ಆದರೆ ನಿಲ್ಲಲು ನೆಲೆಯನ್ನೇ ಕೊಡದೆ ಅಣ್ಣನಿಂದ ಸನ್ನಡತೆಯನ್ನು ಬಯಸಿದೆ. ಶಾಸ್ತ್ರ ನಾಲಗೆಯ ಮೇಲಿತ್ತು, ಮನೆಯ ಬಾಗಿಲವರೆಗೆ ಬರಲಿಲ್ಲ.

ಮನೆ ಕೊಟ್ಟಿದ್ದರೆ ಅಣ್ಣ ಕುಡಿತ ಬಿಡುತ್ತಿದ್ದನೆಂದು ನಾನು ಹೇಳಲಾರೆ. ಒಳಗೆ ಮಲಗಿರುತ್ತಿದ್ದ, ಅಷ್ಟು ನಿಜ. ಈ ಶಾಲೆಯಿಂದ ಹೊರಡುವ ಮಕ್ಕಳಲ್ಲಿ ನನ್ನದೊಂದು ಪ್ರಾರ್ಥನೆ: ನಿಮ್ಮ ಹೊಸ್ತಿಲಿಗೂ ಒಂದು ದಿನ ಇಂಥವನೊಬ್ಬ ಬಂದಾನು. ಅವನನ್ನು ತಿದ್ದುವ ಮಾತು ಒಳಗೆ ಕರೆದ ಮೇಲೆ ಇರಲಿ.