ಮಾವನವರ ಕಿವಿ, ಅತ್ತೆಯವರ ಮೂಕಿ ಚಿತ್ರ

ಹೊಸಪೇಟೆಯ ನಮ್ಮ ಮನೆಯಲ್ಲಿರುವುದು ಒಂದೇ ಟೀವಿ. ಅದರ ಸದ್ದಿಗಾಗಿ ಆದ ಜಗಳಗಳು ಮಾತ್ರ ಲೆಕ್ಕವಿಲ್ಲ. ಕಿವಿ ಮಂದವಾದ ಹಿರಿಯರು ನಿಮ್ಮ ಮನೆಯಲ್ಲೂ ಇದ್ದರೆ ಈ ಕಷ್ಟ ನಿಮಗೆ ಹೊಸದಲ್ಲ.

ನಮ್ಮ ಮಾವನವರು ಸಂಡೂರಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಮಷೀನಿನ ಮೇಲೆ ದುಡಿದವರು. ವರ್ಷಗಟ್ಟಲೆ ಆ ಗದ್ದಲ ಕೇಳಿದ ಕಿವಿ. ಈಗ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಅವರು ಟೀವಿ ಹಾಕಿದರೆ ಓಣಿಗೆಲ್ಲ ಕೇಳಬೇಕು!

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ದೂರದರ್ಶನದಲ್ಲಿ ಹಳೆಯ ರಾಮಾಯಣ ಮತ್ತೆ ಬಂತು. 1987ರಲ್ಲಿ ಅದು ಮೊದಲು ಬಂದಾಗ ಅತ್ತೆ-ಮಾವ ಕಂಪ್ಲಿಯ ನೆಂಟರ ಮನೆಯಲ್ಲಿ ಕೂತು ನೋಡಿದ್ದರಂತೆ. ಇಬ್ಬರಿಗೂ ಹಬ್ಬವೋ ಹಬ್ಬ. ಆದರೆ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿತ್ತು. "ಅಮ್ಮಾ, ತಾತನ ಟೀವಿ ಗದ್ದಲದಾಗ ನಾ ಹೆಂಗ ಓದ್ಲಿ?" ಎಂದು ಅವಳು ಅತ್ತೇಬಿಟ್ಟಳು.

ಯಜಮಾನರು ಮಗನ ಹೆಡ್‌ಫೋನನ್ನು ಟೀವಿಗೆ ಸಿಕ್ಕಿಸಿ ಮಾವನವರಿಗೆ ಹಾಕಿದರು. ಮನೆ ತಣ್ಣಗಾಯಿತು. "ಎಲ್ಲಾ ಮಾತೂ ತಿಳಿಯಾಕತ್ತೈತವ್ವಾ" ಎಂದು ಮಾವನವರ ಮುಖ ಅರಳಿತು. ನಾನೂ ನೆಮ್ಮದಿಯಿಂದ ಒಗ್ಗರಣೆಗೆ ಕೈಹಾಕಿದೆ.

ಮೂರನೇ ದಿನ ಚಹಾ ಕೊಡಲು ಹೋದಾಗ ನೋಡುತ್ತೇನೆ, ಅತ್ತೆಯವರು ಮಾವನವರ ಪಕ್ಕದಲ್ಲಿ ಕೂತು ಮೂಕಿ ಚಿತ್ರ ನೋಡುವ ಹಾಗೆ ಟೀವಿ ನೋಡುತ್ತಿದ್ದಾರೆ! ಹೆಡ್‌ಫೋನ್ ಸಿಕ್ಕಿಸಿದರೆ ಟೀವಿಯ ಸ್ಪೀಕರ್ ಬಂದಾಗುತ್ತದೆ. ಮನೆ ತಣ್ಣಗಾದ ಸಂತೋಷದಲ್ಲಿ ಅವರಿಗೂ ಏನೂ ಕೇಳಿಸದೆಂಬುದನ್ನೇ ನಾವು ಮರೆತಿದ್ದೆವು.

"ಯಾಕ ಹೇಳಲಿಲ್ಲ ಅತ್ತೀ?"

"ಇರಲಿ ಬಿಡವ್ವಾ. ಅವರಿಗೆ ಕೇಳಿದ್ರ ಸಾಕು. ಕತಿ ನನಗ ಗೊತ್ತೈತಲ್ಲ."

ನನ್ನ ಗಂಟಲು ಕಟ್ಟಿತು. ನಾವು ಹೆಂಗಸರು ಹೀಗೆಯೇ ಅಲ್ಲವೇ? ಯಾರೂ ಕೇಳದಿದ್ದರೆ ನಾವಾಗಿ ಹೇಳುವುದಿಲ್ಲ.

ಅಂಗಡಿಗಳು ಮುಚ್ಚಿದ್ದವು. ಪರಿಚಯದ ಟೀವಿ ರಿಪೇರಿ ಹುಡುಗನಿಗೆ ಫೋನ್ ಮಾಡಿದೆ. "ಅಕ್ಕಾ, ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಔಟ್‌ಪುಟ್ ನೋಡ್ರಿ. ಕೆಲವು ಟೀವಿಯಲ್ಲಿ ಹೆಡ್‌ಫೋನು, ಸ್ಪೀಕರು ಎರಡೂ ಒಟ್ಟಿಗೆ ನಡೆಯೋ ಹಂಗ ಇರ್ತದ" ಎಂದ. ನಮ್ಮ ಪುಣ್ಯ, ನಮ್ಮದರಲ್ಲಿ ಇತ್ತು. ಎರಡಕ್ಕೂ ಬೇರೆ ಬೇರೆ ವಾಲ್ಯೂಮ್. ಸ್ಪೀಕರನ್ನು ಅತ್ತೆಯವರಿಗೆ ಕೇಳುವಷ್ಟೇ ಇಟ್ಟೆವು. ಒಳಕೋಣೆಯಲ್ಲಿ ಮಗಳ ಓದಿಗೆ ತೊಂದರೆಯಾಗಲಿಲ್ಲ. ವೈರಿಲ್ಲದ ಬ್ಲೂಟೂತ್ ಹೆಡ್‌ಫೋನನ್ನೂ ಹಾಕಿ ನೋಡಿದೆವು. ಅದರಲ್ಲಿ ಮಾತು ಚೂರು ತಡವಾಗಿ ಬರುತ್ತಿತ್ತು. "ರಾಮ ಬಾಯಿ ಮುಚ್ಚಿದ ಮ್ಯಾಲ ಮಾತಾಡ್ತಾನಲ್ಲವ್ವಾ!" ಎಂದರು ಮಾವ. ಮತ್ತೆ ವೈರಿನದ್ದೇ ಹಾಕಿದೆವು. ಯಾರೂ ಎಡವದಂತೆ ವೈರನ್ನು ಗೋಡೆ ಪಕ್ಕದಲ್ಲಿ ಎಳೆದೆವು.

ಸೋದರಿಯರೇ, ಎರಡು ಮಾತು ನೆನಪಿಡಿ. ಹೆಡ್‌ಫೋನಿನ ಸದ್ದಿಗೂ ಮಿತಿ ಬೇಕು. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಳಕಿವಿಯ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇನ್ನೊಂದು, ಹೆಡ್‌ಫೋನ್ ಕಿವಿಯ ಚಿಕಿತ್ಸೆಯಲ್ಲ. ಲಾಕ್‌ಡೌನ್ ಮುಗಿದ ಮೇಲೆ ಮಾವನವರನ್ನು ಕಿವಿ ಡಾಕ್ಟರ ಬಳಿ ಕರೆದೊಯ್ದೆವು. ಈಗ ಅವರಿಗೆ ಶ್ರವಣ ಸಾಧನವಿದೆ.

ಕಿಷ್ಕಿಂಧೆಯ ಕತೆ ಬಂದ ದಿನ ಮಾವನವರು ಹೆಡ್‌ಫೋನ್ ಹಾಕಿಕೊಂಡೇ, "ಏಯ್, ಇದು ನಮ್ಮ ಹಂಪಿ ಆಚೀ ದಂಡಿ!" ಎಂದು ಕೂಗಿದರು. "ಗೊತ್ತೈತಿ, ಆನೆಗೊಂದಿ. ನನಗೂ ಕೇಳಾಕತ್ತೈತಿ, ಸುಮ್ಮಕಿರ್ರಿ" ಎಂದರು ಅತ್ತೆ.

ಆ ಬೈಗುಳ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.