ಹಿಟ್ನಾಳದ ಬಿಸಿಲಿಗೆ ಬೆಲೆ ಎಷ್ಟು?

ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಹಿಟ್ನಾಳ ಸಿಗುತ್ತದೆ. ಟೋಲ್ ದಾಟಿ ಮುಂದೆ ಹೋದರೆ ಹುಲಿಗೆಮ್ಮನ ಹುಲಿಗಿ, ಮುನಿರಾಬಾದ್, ಆಮೇಲೆ ತುಂಗಭದ್ರಾ ಅಣೆಕಟ್ಟು. ಮುನಿರಾಬಾದಿನಲ್ಲಿ ಅಣೆಕಟ್ಟಿನ ನೀರಿನಿಂದ ಕರೆಂಟ್ ಹುಟ್ಟುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆ ಹೊರಳಿದರೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಇನ್ನು ಬಿಸಿಲು? ಅದು ಈ ಸೀಮೆಯಲ್ಲಿ ಯಾರನ್ನೂ ಕೇಳದೆ ಮಾಳಿಗೆ ಮೇಲೆ ಬಂದು ಕೂರುತ್ತದೆ. ಮೆಣಸಿನಕಾಯಿ, ಹಪ್ಪಳ ಒಣಗಿಸುವ ಆ ಬಿಸಿಲಿನಿಂದ ಕರೆಂಟ್ ಮಾಡಿಕೊಂಡರೆ ದುಡ್ಡು ಉಳಿಯುತ್ತದೆಯೇ?

ಮಕ್ಕಳೇ, ಉತ್ತರ ಆಕಾಶದಲ್ಲಿಲ್ಲ, ಮನೆಯ ಲೈಟ್ ಬಿಲ್ಲಿನಲ್ಲಿದೆ. ಈ ಭಾಗಕ್ಕೆ ಕರೆಂಟ್ ಕೊಡುವುದು ಜೆಸ್ಕಾಂ. ಅಜ್ಜ ಜೋಪಾನವಾಗಿಟ್ಟ ಬಿಲ್ ತೆಗೆದು ನೋಡಿ. ಎರಡು ಸಾಲು ಮುಖ್ಯ. ಒಂದು ನಿಗದಿತ ಶುಲ್ಕ. ಕರೆಂಟ್ ಉರಿಸಿದರೂ ಬಿಟ್ಟರೂ ಅದನ್ನು ಕಟ್ಟಬೇಕು. ಇನ್ನೊಂದು ಯೂನಿಟ್ ಲೆಕ್ಕ. 10 ವ್ಯಾಟಿನ ಎಲ್‌ಇಡಿ ಬಲ್ಬ್ 100 ತಾಸು ಉರಿದರೆ ಒಂದು ಯೂನಿಟ್.

ಸೋಲಾರ್ ಕಡಿಮೆ ಮಾಡುವುದು ಎರಡನೆಯ ಸಾಲನ್ನು ಮಾತ್ರ. 2025ರ ಏಪ್ರಿಲ್‌ನಲ್ಲಿ ಮನೆಗಳ ಯೂನಿಟ್ ದರ 5.90 ರೂಪಾಯಿಯಿಂದ 5.80ಕ್ಕೆ ಇಳಿಯಿತು, ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145ಕ್ಕೆ ಏರಿತು. ಯೂನಿಟ್ ಅಗ್ಗವಾದಷ್ಟೂ ಸೋಲಾರ್ ಉಳಿಸುವ ಹಣ ಕಡಿಮೆ!

ಈಗ ಎರಡು ಮನೆಗಳನ್ನು ಊಹಿಸಿಕೊಳ್ಳೋಣ.

ಮೊದಲನೆಯದರಲ್ಲಿ ಅಜ್ಜ, ಅಜ್ಜಿ ಇಬ್ಬರೇ. ತಿಂಗಳಿಗೆ 60 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಅವರ ಬಿಲ್ ಸೊನ್ನೆ. ಸೊನ್ನೆಯಲ್ಲಿ ಕಳೆಯುವುದೇನನ್ನು? ಇವರಿಗೆ ಸೋಲಾರ್ ಸದ್ಯಕ್ಕೆ ಲಾಭವಲ್ಲ.

ಎರಡನೆಯದು ಕೂಡು ಕುಟುಂಬ. ಫ್ರಿಜ್, ಕೂಲರ್, ಮೋಟಾರು ಸೇರಿ 300 ಯೂನಿಟ್. 200 ದಾಟಿದ್ದರಿಂದ ಪೂರಾ ಬಿಲ್ ಕಟ್ಟಬೇಕು: ಯೂನಿಟ್ ಲೆಕ್ಕವೇ 1,740 ರೂಪಾಯಿ. ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 2 ಕಿಲೋವ್ಯಾಟ್ ಹಾಕಿಸಿದರೆ ತಿಂಗಳಿಗೆ 240. ಕೊಳ್ಳಬೇಕಾದದ್ದು 60 ಯೂನಿಟ್, ಅಂದರೆ 348 ರೂಪಾಯಿ. ಉಳಿತಾಯ 1,392! 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000 ರೂಪಾಯಿ ಸಹಾಯಧನ ಉಂಟು. ಅದನ್ನು ಕಳೆದು ಕೈಯಿಂದ 70,000 ಹೋಯಿತು ಎನ್ನಿ. ಸುಮಾರು 50 ತಿಂಗಳಿಗೆ ಹಾಕಿದ ದುಡ್ಡು ವಾಪಸ್. ಆಮೇಲಿನ ವರ್ಷಗಳ ಬಿಸಿಲು ಲಾಭವೇ.

ಹಾಗೆಂದು ಮಾಳಿಗೆ ತುಂಬ ಫಲಕ ಹಾಸಬೇಡಿ. ಹಗಲಲ್ಲಿ ಹೆಚ್ಚಾದ ಕರೆಂಟ್ ತಂತಿ ಹಿಡಿದು ಜೆಸ್ಕಾಂಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ವಾಪಸ್ ಬರುತ್ತದೆ. ಎರಡನ್ನೂ ನೆಟ್ ಮೀಟರ್ ಎಣಿಸುತ್ತದೆ. ಆದರೆ ತಿಂಗಳ ಕೊನೆಗೆ ಮಿಕ್ಕ ಯೂನಿಟ್ಟಿಗೆ ಸಿಗುವ ದರ, ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಹೊಟ್ಟೆಗೆ ಬೇಕಾದಷ್ಟೇ ರೊಟ್ಟಿ ಬಡಿದ ಹಾಗೆ, ಮನೆಗೆ ಬೇಕಾದಷ್ಟೇ ಫಲಕ ಹಾಕಿಸುವುದು ಜಾಣತನ.

ಇನ್ನೊಂದು ಮಾತು. ಬ್ಯಾಟರಿ ಇಲ್ಲದ ಸೋಲಾರ್, ಊರಿನ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ನಡುಮಧ್ಯಾಹ್ನದಲ್ಲೂ! ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೇ ಈ ಏರ್ಪಾಡು.

ಈ ಭಾನುವಾರ ಅಜ್ಜನ ಜೊತೆ ಕುಳಿತು 12 ತಿಂಗಳ ಬಿಲ್ಲಿನ ಯೂನಿಟ್‌ಗಳನ್ನು ಕೂಡಿ, 12ರಿಂದ ಭಾಗಿಸಿ. ನಿಮ್ಮದು ಮೊದಲನೆಯ ಮನೆಯೋ, ಎರಡನೆಯದೋ ತಿಳಿಯುತ್ತದೆ. ಸೋಲಾರ್ ಮಾರುವವರು ಬಾಗಿಲಿಗೆ ಬಂದಾಗ ಆ ಲೆಕ್ಕ ನಿಮ್ಮ ಕೈಯಲ್ಲಿರಲಿ.