ಕರಿ ಹರಿದ ಮರುದಿನ

ಪ್ರತಿ ಕಾರಹುಣ್ಣಿಮೆಗೆ ನಾವು ಕಳಿಸುವ ಸುದ್ದಿ ಒಂದೇ. ಕೊಂಬಿಗೆ ಬಣ್ಣ, ಬೆನ್ನಿಗೆ ಜೂಲ, ಕರಿ ಹರಿಯಲು ಅಗಸಿ ಕಡೆ ಓಡುವ ಎತ್ತುಗಳು, ಹಿಂದೆ ಕೇಕೆ ಹಾಕುವ ಹುಡುಗರು. ಶೀರ್ಷಿಕೆಯೂ ಅದೇ, ‘ಸಂಭ್ರಮದ ಕಾರಹುಣ್ಣಿಮೆ’. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಮರುದಿನ ಯಾರ ಎತ್ತು ಕುಂಟುತ್ತಿದೆ ಅಂತ ನಾವು ಒಮ್ಮೆಯೂ ಬರೆದಿಲ್ಲ. ಹೋದ ವರ್ಷ ಸಾಯಗಾಂವದಿಂದ ಕಳಿಸಿದ ಫೋಟೊದಲ್ಲಿ ಎಲ್ಲಕ್ಕಿಂತ ಮುಂದೆ ಓಡುತ್ತಿದ್ದ ಬಿಳಿ ಎತ್ತು ನಮ್ಮದೇ. ಫೋಟೊ ತೆಗೆದು ಮೊಬೈಲ್ ಕಿಸೆಗೆ ಹಾಕುವಷ್ಟರಲ್ಲಿ ಅದು ಜಾರಿ ಬಿತ್ತು.

ನಮ್ಮ ಜೋಡಿ ದೇವಣಿ ತಳಿಯದು. ಈ ತಳಿಯನ್ನು ಬಣ್ಣ ನೋಡಿ ಕರೆಯುತ್ತಾರೆ. ಪೂರ್ತಿ ಬಿಳಿ ಇದ್ದರೆ ಬಾಳಂಕ್ಯಾ, ಮೈ ಬಿಳಿಯಾಗಿ ಮುಖ ಕಪ್ಪಾಗಿದ್ದರೆ ವಾನೇರಾ, ಮೈಮೇಲೆ ಕಪ್ಪು ಮಚ್ಚೆ ಇದ್ದರೆ ಶೇವೇರಾ. ಸರ್ಜಾ ಬಾಳಂಕ್ಯಾ, ರಾಜಾ ವಾನೇರಾ. ಅಣ್ಣ ಸಾಲ ಮಾಡಿ ತಂದ ಜೋಡಿ, ಲಕ್ಷದ ಮೇಲಿನ ಮಾತು. ಮೊದಲು ಓಣಿ ಮಣ್ಣಿನದಿತ್ತು, ಬಿದ್ದರೂ ಮಣ್ಣು ತಡೆಯುತ್ತಿತ್ತು. ಈಗ ಸಿಸಿ ರಸ್ತೆ. ಹಗುರ ಮಳೆ ಬಿದ್ದ ಸಿಮೆಂಟಿನ ಮೇಲೆ ಗೊರಸು ನಿಲ್ಲುವುದಿಲ್ಲ. ರಸ್ತೆ ಆದಾಗ ಅದರ ಉದ್ಘಾಟನೆ ಸುದ್ದಿಯನ್ನೂ ನಾವೇ ಬರೆದಿದ್ದೆವು, ಇರಲಿ.

ಸರ್ಜಾ ಎದ್ದು ನಿಂತಿತು, ಆದರೆ ಬಲ ಹಿಂಗಾಲು ಊರಲಿಲ್ಲ. ಸಂಜೆಗೆ ಗೊರಸಿನ ಮೇಲಿನ ಕೀಲು ಬಾತಿತು. ಅಂಗಳದಲ್ಲಿ ಕೂಡಿದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಮುತ್ಯಾ “ಬರಿ ಹಾಕ್ರಿ, ಎರಡ್ ದಿನದಾಗ ನೆಟ್ಟಗ ಆಗ್ತದ” ಅಂದ. ಇನ್ನೊಬ್ಬರು ಸೀಮೆಎಣ್ಣೆ ತಿಕ್ಕಲು ಹೇಳಿದರು. ಅಣ್ಣ ಕುಡುಗೋಲು ಒಲೆಯಲ್ಲಿ ಇಟ್ಟೂ ಬಿಟ್ಟಿದ್ದ. ತೆಗೆದವಳು ಅಣ್ಣನ ಮಗಳು. ಭಾಲ್ಕಿಯಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. “ಅಪ್ಪಾ, ನಿನ್ ಕಾಲ್ ಉಳುಕಿದ್ರ ಬರಿ ಹಾಕ್ಕೋತಿ ಏನ್?” ಅಂದಳು. ಅಣ್ಣ ಸಿಟ್ಟಾದ, ಆದರೆ ಬರೆ ಹಾಕಲಿಲ್ಲ.

ಬೆಳಿಗ್ಗೆ ಪಶು ಆಸ್ಪತ್ರೆಯ ಡಾಕ್ಟರು ಬಂದರು. ಮೊದಲು ಸೂಜಿ ತೆಗೆಯಲಿಲ್ಲ, “ನಡಸ್ರಿ ನೋಡೋಣ” ಅಂದರು. ಮುಂದಿನಿಂದ, ಹಿಂದಿನಿಂದ, ಬದಿಯಿಂದ ನಿಂತು ನೋಡಿದರು. ಆಮೇಲೆ ಎರಡೂ ಹಿಂಗಾಲಿನ ಮೇಲೆ ಅಂಗೈ ಹಿಂಭಾಗ ಇಟ್ಟು ಯಾವುದು ಬಿಸಿ ಇದೆ ಅಂತ ಹೋಲಿಸಿದರು. ಇದು ನಮ್ಮೆಲ್ಲರಿಗೂ ಬರಬೇಕಾದ ವಿದ್ಯೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗಿದಾಗ ಎತ್ತು ತಲೆ ಮೇಲೆತ್ತುತ್ತದೆ. ಹಿಂಗಾಲು ನೋಯುತ್ತಿದ್ದರೆ ಆ ಕಡೆಯ ಚಪ್ಪೆ ಹೆಚ್ಚು ಏರಿಳಿಯುತ್ತದೆ. ಹಿಂದೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿ ನಿಧಾನಕ್ಕೆ ಓಡಿಸಿ ನೋಡಿದರೆ ಯಾರಿಗೂ ಕಾಣುತ್ತದೆ.

ಮುರಿದಿಲ್ಲ, ಕೀಲಿನ ಕಟ್ಟು ಹಿಗ್ಗಿದೆ ಅಂದರು. ಮೊದಲ ಎರಡು ಮೂರು ದಿನ ದಿನಕ್ಕೆ ಮೂರು ಸಲ ತಣ್ಣೀರು, ಬಾವು ಇಳಿದ ಮೇಲೆ ಬಿಸಿ ಕಾವು, ಮೆತ್ತನೆ ನೆಲದ ಮೇಲೆ ಕಟ್ಟುವುದು, ಎರಡು ವಾರ ವಿಶ್ರಾಂತಿ, ಆಮೇಲೆ ಐದೈದು ನಿಮಿಷ ನಡಿಗೆ, ಆರು ವಾರ ನೊಗ ಬೇಡ. ನೋವಿಗೆ ಸೂಜಿ ಕೊಟ್ಟರು. ಹೋಗುವಾಗ ಒಂದು ಮಾತು ಹೇಳಿದರು. “ಸೂಜಿಯಿಂದ ಕುಂಟೋದು ನಿಲ್ತದ, ಗಾಯ ನಿಲ್ಲಲ್ಲ. ಮೋಸ ಹೋಗಬ್ಯಾಡ್ರಿ.” ನಾವು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಬರೆದುಕೊಳ್ಳುವುದು ನಮ್ಮ ಕಸುಬು ತಾನೇ.

ಹನ್ನೊಂದನೆಯ ದಿನ ಹದ ಮಳೆ ಬಿತ್ತು. ಇಡೀ ಶಿವಾರ ಸೋಯಾ, ಉದ್ದು, ತೊಗರಿ ಬಿತ್ತಲು ಎದ್ದಿತ್ತು. ಟ್ರ್ಯಾಕ್ಟರಿಗೆ ಸರತಿ. ಸರ್ಜಾ ಕೊಟ್ಟಿಗೆಯಲ್ಲಿ ನಾಲ್ಕೂ ಕಾಲು ಊರಿ ಆರಾಮಾಗಿ ಮೇಯುತ್ತಿತ್ತು, ಬಾವು ಇರಲಿಲ್ಲ. “ಆರಾಮ ಆಗ್ಯಾದ, ಮಳಿ ನಮ್ಮ ಸಲುವಾಗಿ ಕಾಯಲ್ಲ” ಅಂದ ಅಣ್ಣ. ಹುಡುಗಿ ಕಾಲೇಜಿಗೆ ಹೋಗಿದ್ದಳು. ನೋಟ್‌ಬುಕ್ ನಮ್ಮ ಕೈಯಲ್ಲೇ ಇತ್ತು. ನಾವು ಬೇಡ ಅನ್ನಲಿಲ್ಲ. ಕೂರಿಗೆ ಹೊತ್ತುಕೊಂಡು ನಾವೇ ಹೊಲಕ್ಕೆ ಹೋದೆವು.

ಎರಡು ಎಕರೆ ಆಗುವಷ್ಟರಲ್ಲಿ ಸರ್ಜಾ ಕರಿ ಮಣ್ಣಿನಲ್ಲಿ ಮಂಡಿಯೂರಿತು. ರಾಜಾ ಎಳೆಯುತ್ತಲೇ ಇತ್ತು, ನೊಗ ವಾರೆಯಾಗಿ ಸರ್ಜಾನ ಕುತ್ತಿಗೆ ತಿರುಚಿತು. ಬಿಡಿಸಿ ಮನೆಗೆ ತರಲು ಒಂದು ಮೈಲಿಗೆ ಎರಡು ತಾಸು ಹಿಡಿಯಿತು. ಆ ದಾರಿಯಲ್ಲಿ ಯಾರೂ ಮಾತಾಡಲಿಲ್ಲ.

ಯಾಕೆ ಹೀಗಾಯಿತು ಅಂತ ಡಾಕ್ಟರು ಆಮೇಲೆ ತಿಳಿಸಿದರು. ಮಾಂಸಖಂಡಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ, ಬೇಗ ಕೂಡುತ್ತದೆ. ಎಲುಬಿಗೆ ಎಲುಬು ಕಟ್ಟುವ ಪಟ್ಟಿಗೆ ರಕ್ತ ಕಡಿಮೆ, ಅದು ವಾರಗಟ್ಟಲೆ, ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಹೊರಗಿನ ಬಾವು ಇಳಿದಾಗ ಒಳಗಿನ ಎಳೆ ಇನ್ನೂ ಹಸಿ. ಹಾಗಂತ ತಿಂಗಳಾನುಗಟ್ಟಲೆ ಗೂಟಕ್ಕೆ ಕಟ್ಟಿಹಾಕಿದರೂ ಕೆಡುತ್ತದೆ, ಕೂಡುವ ಎಳೆ ಅಡ್ಡಾದಿಡ್ಡಿ ಬೆಳೆದು ಕೀಲು ಬಿಗಿಯುತ್ತದೆ. ಅಳತೆ ಮಾಡಿ, ದಿನಕ್ಕೆ ಇಷ್ಟಿಷ್ಟೇ ನಡೆಸಬೇಕು. ಈ ಅಳತೆಯೇ ಒಂದು ಪ್ರತ್ಯೇಕ ವಿದ್ಯೆ ಅಂತ ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ.

ಬಿದ್ದ ಸುದ್ದಿ ಕೇಳಿ ದಲಾಲಿ ಬಂದ. ಹದಿನೆಂಟು ಸಾವಿರ ಅಂದ. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮರುದಿನ ಪಿಕಪ್ ಮಾಡಿ, ಕೆಳಗೆ ಹುಲ್ಲು ಹಾಸಿ, ಸರ್ಜಾನನ್ನು ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿಗೆ ಒಯ್ದೆವು. ಹುಡುಗಿಯೂ ಬಂದಳು. ಎಕ್ಸ್‌ರೇಯಲ್ಲಿ ಎಲುಬು ಸರಿಯಿತ್ತು. ಅಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ಮೇಲ್ಪದವಿ ಓದುತ್ತಿದ್ದ ಒಬ್ಬ ಡಾಕ್ಟರಮ್ಮ ಕೀಲನ್ನು ಹೇಗೆ ಮಡಚಬೇಕು, ಎಲ್ಲಿ ಒತ್ತಬೇಕು ಅಂತ ನಮ್ಮ ಕೈ ಹಿಡಿದು ಕಲಿಸಿದರು. ಹುಡುಗಿ ಕೇಳಿದಳು, “ಮೇಡಂ, ಇದನ್ನೇ ಕೆಲಸ ಅಂತ ಮಾಡ್ತಾರೇನ್ರಿ?”

ಮಾಡುತ್ತಾರೆ. ಓಡುವ ಕುದುರೆ, ಪೊಲೀಸ್ ನಾಯಿ, ಮನೆ ನಾಯಿ, ಇವಕ್ಕೆ ಪೆಟ್ಟಾದರೆ ಮತ್ತೆ ನಡೆಸಿ ಓಡಿಸುವ ವೈದ್ಯರಿದ್ದಾರೆ. ಅಮೆರಿಕದಲ್ಲಿ 2010ರಲ್ಲಿ ಪಶು ಕ್ರೀಡಾ ವೈದ್ಯ ಮತ್ತು ಪುನಶ್ಚೇತನವನ್ನು ಪ್ರತ್ಯೇಕ ತಜ್ಞ ವಿಭಾಗ ಅಂತ ಒಪ್ಪಿಕೊಂಡರು. ನೀರಿನೊಳಗೆ ಪಟ್ಟಾ ತಿರುಗುವ ಯಂತ್ರದಲ್ಲಿ ನಾಯಿ, ಕುದುರೆ ನಡೆಸುತ್ತಾರೆ. ನೀರು ಮೈಭಾರ ಹೊರುತ್ತದೆ, ಕಾಲಿಗೆ ಹೊರೆ ಇಳಿಯುತ್ತದೆ. ನಮ್ಮಲ್ಲಿ ಈ ದಾರಿಯ ಕೆಲಸ ಸಿಗುವುದು ಬೆಂಗಳೂರು, ಮೈಸೂರಿನ ರೇಸ್ ಕುದುರೆಗಳ ಲಾಯ, ದೊಡ್ಡ ಊರಿನ ಖಾಸಗಿ ನಾಯಿ ಆಸ್ಪತ್ರೆ, ಸೈನ್ಯದ ಅಶ್ವ ಮತ್ತು ಪಶುವೈದ್ಯ ದಳಗಳಲ್ಲಿ. ಎತ್ತಿನ ಹೆಸರು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ. ವರ್ಷಕ್ಕೊಂದು ದಿನ ಓಡಿ, ಉಳಿದ ದಿನ ಎಳೆಯುವ ಎತ್ತಿಗಿಂತ ದೊಡ್ಡ ಆಟಗಾರ ಯಾವುದು ಅಂತ ನಮಗೆ ಅನಿಸಿತು. ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಕ್ಕೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿಯನ್ನು 2023ರ ಮೇ 18ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಓಟ ನಿಲ್ಲುವುದಿಲ್ಲ ಅಂದಮೇಲೆ ಕಾಲು ನೋಡುವವರು ಬೇಕಲ್ಲ?

ಓದುವ ಮಕ್ಕಳಿರುವ ಮನೆಗಳಿಗೆ ಇಷ್ಟು ಹೇಳಬೇಕು. ಇದಕ್ಕೆ ನೇರ ಪದವಿ ಹುಡುಕಬೇಡಿ. ಪಿಯುಸಿಯಲ್ಲಿ ಜೀವಶಾಸ್ತ್ರ ಇರುವ ಸೈನ್ಸ್, ಆಮೇಲೆ ಸಿಇಟಿ, ರೈತರ ಮಕ್ಕಳ ಕೋಟಾಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ. ಬಿ.ವಿ.ಎಸ್ಸಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ನಂತರ ಶಸ್ತ್ರಚಿಕಿತ್ಸೆ ಮತ್ತು ಕ್ಷಕಿರಣ ವಿಭಾಗದಲ್ಲಿ ಎಂ.ವಿ.ಎಸ್ಸಿ. ಮಾಡುವುದು ಹತ್ತಿರದ ದಾರಿ. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಕೂಡ ಇದೆ, ಆದರೆ ಅದನ್ನು ಓದಿದವರು ಡಾಕ್ಟರ ಕೈಕೆಳಗೆ ಕೆಲಸ ಮಾಡಬೇಕು. ನಾಲ್ಕು ದಿನದ ತರಬೇತಿ ಕೊಟ್ಟು ‘ಪ್ರಾಣಿ ಫಿಸಿಯೊ’ ಅಂತ ಸರ್ಟಿಫಿಕೇಟ್ ಕೊಡುವವರಿಗೆ ದುಡ್ಡು ಕಟ್ಟಬೇಡಿ. ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯ 2004ರ ಕಾಯ್ದೆಯಿಂದ ಹುಟ್ಟಿದ್ದು, ಅದರ ಕೇಂದ್ರ ಇರುವುದು ನಮ್ಮ ಬೀದರಿನಲ್ಲೇ. ಎಲ್ಲೆಲ್ಲಿಂದಲೋ ಮಕ್ಕಳು ಬಂದು ಓದುತ್ತಾರೆ, ನಮ್ಮೂರಿನವರು ಅದರ ಗೇಟು ದಾಟುವುದು ದನ ಕಾಯಿಲೆ ಬಿದ್ದಾಗ ಮಾತ್ರ.

ಸರ್ಜಾನ ಕಥೆಗೆ ಬರುತ್ತೇವೆ. ಈ ಸಲ ಲೆಕ್ಕ ಇಟ್ಟವಳು ಹುಡುಗಿ. ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಕು, ನಡೆಸಿದ ನಿಮಿಷ, ಕಾಲು ಬಿಸಿ ಇದೆಯೋ ಇಲ್ಲವೋ, ಮೂರೇ ಸಾಲು. ಬಿಸಿ ಇದ್ದ ದಿನ ನಡಿಗೆ ಇಲ್ಲ. ಮೊದಲು ಗಟ್ಟಿ ಸಪಾಟು ನೆಲ, ಆಮೇಲೆ ಉತ್ತ ಹೊಲದ ಅಂಚು. ಮಳೆಗಾಲದ ಸೆಳವು ಇಳಿದ ಮೇಲೆ ಮಾಂಜ್ರಾ ಹೊಳೆಯ ಅಂಚಿನಲ್ಲಿ ಹೊಟ್ಟೆಮಟ್ಟ ನೀರಿನಲ್ಲಿ ನಡೆಸಿದೆವು. ಯಂತ್ರ ನಮ್ಮಲ್ಲಿಲ್ಲ, ಹೊಳೆ ಇದೆ. ಮುತ್ಯಾನೂ ದಂಡೆಯ ಮೇಲೆ ಕೂತು “ಹತ್ತ್ ನಿಮಿಷ ಆಯ್ತು, ಹೊರಗ ತರ್ರಿ” ಅಂತ ಕೂಗುತ್ತಿದ್ದ. ಬರೆಯ ಮಾತು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಉಳಿದ ಹೊಲವನ್ನು ಬಾಡಿಗೆ ಟ್ರ್ಯಾಕ್ಟರಿನಲ್ಲಿ ತಡವಾಗಿ ಬಿತ್ತಿದ್ದೆವು, ಇಳುವರಿ ಹೊಡೆತ ತಿಂದಿತು. ಸಾಲ ಇನ್ನೂ ಇದೆ. ಸರ್ಜಾ ಮೊದಲಿನಂತೆ ಆಗಿಲ್ಲ, ಭಾರದ ಗಾಡಿಗೆ ಹೂಡುವುದಿಲ್ಲ. ಚಳಿಯ ಬೆಳಗು ಎದ್ದಾಗ ಮೊದಲ ನಾಲ್ಕು ಹೆಜ್ಜೆ ಬಿಗಿಯಾಗಿ ಇಡುತ್ತದೆ.

ಈ ಕಾರಹುಣ್ಣಿಮೆಗೆ ಎರಡನ್ನೂ ಸಿಂಗರಿಸಿದೆವು, ಓಡಿಸಲಿಲ್ಲ. ಸಿಸಿ ರಸ್ತೆ ಬಿಟ್ಟು ಊರ ಹೊರಗಿನ ಮಣ್ಣಿನ ಬಯಲಿನಲ್ಲಿ ಕರಿ ಹರಿಯೋಣ ಅಂತ ಹಿರಿಯರಿಗೆ ಹೇಳಿ ನೋಡಿದೆವು, ಯಾರೂ ಒಪ್ಪಲಿಲ್ಲ. ಮರುದಿನ ಓಣಿ ಓಣಿ ತಿರುಗಿ ಕುಂಟುವ ಎತ್ತು ಎಣಿಸಿದೆವು. ಮೂರು ಸಿಕ್ಕವು. ಸುದ್ದಿ ಮಾಡಿ ಕಳಿಸಿದೆವು, ಅಚ್ಚಾಗಲಿಲ್ಲ. ಆದರೆ ಆ ಮೂರರಲ್ಲಿ ಒಂದು ಮನೆಯವರು ಸಂಜೆ ಬಂದು ಕದ ತಟ್ಟಿದರು. ಅವರು ಕೇಳಿದ್ದು ನಮ್ಮನ್ನಲ್ಲ. “ನಿಮ್ ಹುಡ್ಗಿ ಇದಾಳೇನ್ರಿ? ಕಾಲ್ ಒಮ್ಮಿ ಮುಟ್ಟಿ ನೋಡ್ಲಿ.” ಹುಡುಗಿ 1962ಕ್ಕೆ ಫೋನ್ ಹಚ್ಚುತ್ತಾ ಚಪ್ಪಲಿ ಮೆಟ್ಟಿದಳು. ಅಣ್ಣ ಟಾರ್ಚ್ ಹಿಡಿದು ಅವಳ ಹಿಂದೆ ಹೋದ.